ಹದಿನಾಲ್ಕನೆಯ ಪ್ಯಾರಾ

ಗುರುಸಿದ್ದಪ್ಪನವರು ಸಾಯುವಾಗ ದೇವರ ಹೆಸರು ಹೇಳಲಿಲ್ಲ, ಹೆಂಡತಿಯ ಹೆಸರನ್ನೂ ಹೇಳಲಿಲ್ಲ. ‘ಪ್ಯಾರಾ ಹದಿನಾಲ್ಕು’ ಅಂದರು. ಅಂದು, ಯಾರೋ ಉತ್ತರ ಕೊಡುತ್ತಾರೆಂಬಂತೆ ಕಾದರು. ಯಾರೂ ಕೊಡಲಿಲ್ಲ. ಮತ್ತೆ ‘ಪ್ಯಾರಾ ಹದಿನಾಲ್ಕು’ ಅಂದರು. ಮೂರು ದಿನ ಇದೇ ನಡೆಯಿತು. ಹೆಂಡತಿ ಹಣೆಗೆ ವಿಭೂತಿ ಹಚ್ಚಿ, ಬಾಯಿಗೆ ಚಮಚೆಯಿಂದ ನೀರು ಬಿಟ್ಟು, ‘ಆಫೀಸಿನ ಹುಚ್ಚು ಈಗರ ಬಿಡಬಾರದೇನ್ರಿ’ ಎಂದು ಅತ್ತರು. ಮಗಳು ಶಿವದೇವಿ ಕಾಲ ಬಳಿ ಕೂತು ಎಲ್ಲ ಕೇಳಿಸಿಕೊಂಡಳು.

ಅದಾಗಿ ಒಂಬತ್ತು ವರ್ಷ. ಆ ಎರಡು ಶಬ್ದ ಅವಳ ಕಿವಿ ಬಿಟ್ಟು ಹೋಗಿಲ್ಲ. ಲಿಂಗಂಪಲ್ಲಿಯ ಲೋಕಲ್ ಟ್ರೇನು ಕಾರಣವಿಲ್ಲದೆ ಎರಡು ಸ್ಟೇಷನ್ನಿನ ನಡುವೆ ನಿಂತಾಗ, ಮನೆಯಲ್ಲಿ ಫ್ಯಾನು ಆರಿಸಿದ ಕೂಡಲೇ ಬರುವ ಮೌನದಲ್ಲಿ, ಅಪ್ಪನ ದನಿ ಸ್ಪಷ್ಟವಾಗಿ ಕೇಳುತ್ತದೆ. ಗಂಡ ವೈಜನಾಥನಿಗೆ ಒಮ್ಮೆ ಹೇಳಿದಳು. ಅವನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಒಳ್ಳೆಯ ಮನುಷ್ಯ, ಅವನಿಂದ ಅಷ್ಟೇ ಆದೀತು.

ಈಗ ಮೂವತ್ತೊಂಬತ್ತರ ಶಿವದೇವಿ ಅಪ್ಪ ದುಡಿದ ಆಫೀಸಿಗೇ ಹೋಗುತ್ತಾಳೆ. ಅಬಿಡ್ಸಿನ ದೊಡ್ಡ ಪೋಸ್ಟಾಫೀಸಿನ ಹಿಂದಿನ ಗಲ್ಲಿಯಲ್ಲಿ, ಹಳೆ ಪುಸ್ತಕದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಶ್ರೀನಿವಾಸರಾಯರ ವಕೀಲಿ ಆಫೀಸು. ಅಪ್ಪ ಅಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದರು. ಇವಳು ಆರು ತಿಂಗಳ ಪ್ಯಾರಾಲೀಗಲ್ ಕೋರ್ಸು ಮಾಡಿ, ಸರ್ಟಿಫಿಕೇಟು ಹಿಡಿದು ಹೋಗಿ ನಿಂತಾಗ, ಎಪ್ಪತ್ತಾರರ ರಾಯರು ಅದನ್ನು ಬಿಚ್ಚಿಯೂ ನೋಡಲಿಲ್ಲ. ‘ಗುರುಸಿದ್ದಪ್ಪನ ಮಗಳಲ್ಲಾ? ಕೂಡು’ ಅಂದರು. ಕೂತಿದ್ದು ಅಪ್ಪನ ಕುರ್ಚಿಯಲ್ಲಿಯೇ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಕೋರ್ಸು. ಅವಳ ಮೊದಲ ಟಿಪ್ಪಣಿ ಮೂರು ಪುಟ, ಪುಟಕ್ಕೆ ಹತ್ತು ಸಲ ‘ಅತ್ಯಂತ ಅನ್ಯಾಯ’. ರಾಯರು ಎಲ್ಲದರ ಮೇಲೂ ಕೆಂಪು ಗೀಟು ಎಳೆದರು. ‘ಈ ಅಳೂದು ಕಕ್ಷಿದಾರರಿಗೆ ಬಿಡು. ನೀ ನಾಲ್ಕs ಮಾತು ಬರಿ. ಪ್ರಶ್ನೆ ಏನು? ಉತ್ತರ ಏನು? ನಡದದ್ದು ಏನು? ಯಾವ ಪುಸ್ತಕದಾಗ, ಯಾವ ಪುಟದಾಗ ಅದ?’ ಉತ್ತರ ಒಂದು ಸಾಲು ಮೀರಿದರೆ ಕಾಗದ ವಾಪಸು. ತಿಂಗಳೊಪ್ಪತ್ತಿನಲ್ಲಿ ಶಿವದೇವಿ ಮನೆಗೆ ಬರೆಯುವ ಕಿರಾಣಿ ಚೀಟಿಯೂ ಚುಟುಕಾಯಿತು.

ಇನ್ನೊಂದು ಕಟ್ಟಳೆ ಇತ್ತು. ಅದು ಬೇರೆ ಯಾವ ಆಫೀಸಿನಲ್ಲೂ ಈಗ ಉಳಿದಿಲ್ಲ. ಕೋರ್ಟಿಗೆ ಹೋಗುವ ಯಾವ ಕಾಗದವಾಗಲಿ, ಅದರಲ್ಲಿ ಹಳೆ ತೀರ್ಪಿನ ಮಾತು ಎತ್ತಿ ಬರೆದಿದ್ದರೆ, ಇಬ್ಬರು ಎದುರುಬದುರು ಕೂತು ತಾಳೆ ನೋಡಬೇಕು. ಒಬ್ಬರು ಪುಸ್ತಕದಿಂದ ದೊಡ್ಡದಾಗಿ ಓದುವುದು, ಕಾಮಾ ಇದ್ದಲ್ಲಿ ‘ಕಾಮಾ’, ಫುಲ್‌ಸ್ಟಾಪ್ ಇದ್ದಲ್ಲಿ ‘ಫುಲ್‌ಸ್ಟಾಪ್’ ಎಂದು ಬಾಯಿಬಿಟ್ಟು ಹೇಳುವುದು. ಇನ್ನೊಬ್ಬರು ನಮ್ಮ ಕಾಗದದ ಮೇಲೆ ಪೆನ್ಸಿಲ್ ಹಿಡಿದು, ವಾಕ್ಯ ಮುಗಿದಲ್ಲಿ ಒಂದು ಚುಕ್ಕೆ ಇಟ್ಟು, ‘ಐತಿ’ ಅನ್ನುವುದು. ‘ಐತಿ’ ಬರುವತನಕ ಓದುವವರು ಮುಂದೆ ಹೋಗುವಂತಿಲ್ಲ. ಮನೆಯಲ್ಲಿ ‘ಅದ’ ಅನ್ನುವ ರಾಯರೂ ತಾಳೆಗೆ ಕೂತರೆ ಗುರುಸಿದ್ದಪ್ಪನವರ ಹಾಗೆ ‘ಐತಿ’ ಅಂತಲೇ ಅನ್ನುತ್ತಿದ್ದರು. ಕೊನೆಗೆ ಒಂದು ಸಣ್ಣ ಚೀಟಿ: ಓದಿದವರು, ಹಿಡಿದವರು, ಇಬ್ಬರ ಸಹಿ.

ಶಿವದೇವಿಗೆ ಇದು ಹೊಸದಲ್ಲ. ಚಿಕ್ಕಂದಿನಲ್ಲಿ ಅಪ್ಪ ಅವಳ ಪಾಠದ ಪುಸ್ತಕವನ್ನೂ ಕಾಮಾ, ಫುಲ್‌ಸ್ಟಾಪ್ ಸಮೇತ ಓದಿಸುತ್ತಿದ್ದರು. ಎದುರು ಕೂತು ‘ಐತಿ’ ಅನ್ನುತ್ತಿದ್ದರು.

ಒಂದು ಗುರುವಾರ ರಾಯರು ಫೈಲೊಂದನ್ನು ಅವಳ ಮುಂದೆ ಇಟ್ಟರು. ಕಕ್ಷಿದಾರ ಹನುಮಂತರಾಯ. ಬೇಗಂಪೇಟೆಯ ಸ್ಟೇಷನ್ ಹಿಂದೆ ಅವನ ಚಿಕ್ಕಮ್ಮನ ಮನೆ. ಆ ಮುದುಕಿಯನ್ನು ಹನ್ನೊಂದು ವರ್ಷ ನೋಡಿಕೊಂಡವಳು ವಿಜಯಶ್ರೀ ಎಂಬ ಹೆಂಗಸು. ಹಿಂದಿನ ಕೋಣೆಯಲ್ಲಿ ವಾಸ. ಮುದುಕಿ ತೀರಿದ ಹದಿಮೂರನೆಯ ದಿನ ಹನುಮಂತರಾಯ ಅವಳಿಗೆ ‘ನಡಿ ಹೊರಗ’ ಅಂದಿದ್ದ. ಅವಳು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿದ್ದಳು. ಸೋಮವಾರ ವಾದ. ಆ ತಡೆ ತೆಗೆಸಬೇಕು.

‘ಕಷ್ಟ ಏನಿಲ್ಲ,’ ಅಂದರು ರಾಯರು. ‘ನಿಮ್ಮಪ್ಪನ ಪ್ಯಾರಾ ಹಾಕು. ಹಾಕಿದ್ರ ಮುಗೀತು.’

ಅಪ್ಪನ ಪ್ಯಾರಾ! ಅದರ ಕತೆ ಕೇಳಿಯೇ ಶಿವದೇವಿ ದೊಡ್ಡವಳಾಗಿದ್ದಳು. ತೊಂಬತ್ನಾಲ್ಕರಲ್ಲಿ, ಎಲ್ಲರೂ ಕೈಬಿಟ್ಟ ಒಂದು ಕೇಸಿನಲ್ಲಿ, ಗುರುಸಿದ್ದಪ್ಪನವರು ಯಾವುದೋ ಹಳೆ ಸಂಪುಟದಿಂದ ಒಂದು ಪ್ಯಾರಾ ಹುಡುಕಿ ಕೊಟ್ಟಿದ್ದರಂತೆ. ಕೇಸು ಗೆದ್ದಿತು, ಆಫೀಸಿಗೆ ಹೆಸರು ಬಂತು. ಖುಷಿಯಾದ ಕಕ್ಷಿದಾರ ಗುಮಾಸ್ತರ ಹೆಸರು ಕೊರೆಸಿ ಒಂದು ಗೋಡೆ ಗಡಿಯಾರ ಕೊಟ್ಟ. ಅದು ಇಂದಿಗೂ ಅವ್ವನ ಕೋಣೆಯಲ್ಲಿದೆ. ಅವ್ವ ಬಂದವರಿಗೆಲ್ಲ ಮೊದಲು ತೋರಿಸುವುದು ಅದನ್ನೇ.

ಅದೇ ದಿನ ಮಧ್ಯಾಹ್ನ ಊಟಕ್ಕೆ ಇಳಿಯುವಾಗ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ವಿಜಯಶ್ರೀ. ಎದುರು ಪಕ್ಷದವಳ ಜೊತೆ ಮಾತಾಡಬಾರದು, ಕೋರ್ಸಿನಲ್ಲಿ ಹೇಳಿದ್ದರು. ಅವಳೇ ಮಾತಾಡಿದಳು.

‘ಮನಿ ನಂದು ಅಂತ ನಾ ಅನ್ನಾಕತ್ತಿಲ್ರೀ. ಒಂದೆರಡು ತಿಂಗಳ ಟೈಮ್ ಕೊಡ್ರಿ ಅಂತ ನಿಮ್ಮ ಸಾಹೇಬ್ರಿಗೆ ಹೇಳ್ರಿ. ಅಜ್ಜಿ ಉಸಿರಾಡೋತನಾ ನಾ ಬೇಕಾಗಿದ್ದೆ.’

ಶಿವದೇವಿ ತಲೆ ತಗ್ಗಿಸಿ ದಾಟಿ ಹೋದಳು. ತಂದ ರೊಟ್ಟಿಯ ಡಬ್ಬಿಯನ್ನು ಬಿಚ್ಚದೆಯೇ ವಾಪಸು ಒಯ್ದಳು.

ಶುಕ್ರವಾರ ಅಪ್ಪನ ಪ್ಯಾರಾ ಹುಡುಕಲು ಕೂತಳು. ಕಂಪ್ಯೂಟರಿನಲ್ಲಿ ಆ ತೀರ್ಪು ಸಿಗಲಿಲ್ಲ. ಅರವತ್ತರ ದಶಕದ್ದು, ಯಾವುದೋ ನಿಂತುಹೋದ ವರದಿ ಸರಣಿ. ಆದರೆ ಪ್ಯಾರಾ ಮಾತ್ರ ಆಫೀಸಿನ ಫೈಲುಗಳ ತುಂಬ ಓಡಾಡುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ನಕಲಾಗಿ, ಹನ್ನೊಂದು ಕೇಸುಗಳಲ್ಲಿ. ಹೈಕೋರ್ಟಿನ ಇಂಗ್ಲಿಷು ನಿಮಗೂ ಬೇಡ ನನಗೂ ಬೇಡ, ಕನ್ನಡದಲ್ಲಿ ಹೇಳುತ್ತೇನೆ: ‘ಅನುಮತಿಯಿಂದ ವಾಸಕ್ಕೆ ಬಂದವರು, ಎಷ್ಟೇ ವರ್ಷ ಇದ್ದರೂ, ಅನುಮತಿ ತೀರಿದ ದಿನವೇ ಹೊರಗಿನವರು. ಅವರಿಗೆ ನೋಟಿಸು ಕೊಡಬೇಕಾಗಿಲ್ಲ, ಸಮಯ ಕೇಳುವ ಹಕ್ಕೂ ಅವರಿಗಿಲ್ಲ.’ ಕೆಳಗೆ ಪುಟ, ವರ್ಷ, ಪ್ಯಾರಾ ಹದಿಮೂರು.

ಹದಿಮೂರು! ಹದಿಮೂರರ ಮುಂದೆ ಏನು ಬರುತ್ತದೆಂದು ಯಾರಾದರೂ ಹೇಳಿಕೊಡಬೇಕೆ?

ತೊಂಬತ್ನಾಲ್ಕರ ಮೂಲ ಫೈಲನ್ನು ಧೂಳು ಕೊಡವಿ ತೆಗೆದಳು. ಎದುರು ಪಕ್ಷದ ಹೆಸರು ನೋಡಿದಳು: ತುಳಸಾಬಾಯಿ, ವಿಧವೆ, ಮನೆಗೆಲಸ, ಸಹಿ ಬಾರದು, ಹೆಬ್ಬೆಟ್ಟಿನ ಗುರುತು.

ತುಳಸಾಬಾಯಿಯವರು. ಹಾಗೆ ಗೌರವದಿಂದ ಕರೆಯುತ್ತಿದ್ದರು ಅಪ್ಪ. ಶಿವದೇವಿಗೆ ಹತ್ತು ಹನ್ನೊಂದು ವರ್ಷವಿದ್ದಾಗ, ಪ್ರತಿ ಭಾನುವಾರ, ಅವಳ ಕೈ ಹಿಡಿದು ಕಾಚಿಗುಡದ ಹತ್ತಿರ ಒಂದು ಧರ್ಮಶಾಲೆಗೆ ಹೋಗುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಒಬ್ಬ ಮುದುಕಿ, ಪಕ್ಕದಲ್ಲಿ ಒಂದು ತಗಡಿನ ಟ್ರಂಕು. ಅಪ್ಪ ಅವಳ ಮುಂದೆ ಬಾಳೆಹಣ್ಣು ಇಟ್ಟು, ಒಂದು ಮೆಟ್ಟಿಲು ಕೆಳಗೆ ಕೂಡುತ್ತಿದ್ದರು. ಅರ್ಧ ತಾಸು ಮಾತಿಲ್ಲ. ಮುದುಕಿಗೂ ಇವರು ಯಾರೆಂದು ಗೊತ್ತಿರಲಿಲ್ಲವೇನೋ. ‘ದೇವರು ಒಳ್ಳೇದು ಮಾಡ್ಲಿ ಮಗಾ’ ಎಂದು ಅಪ್ಪನ ತಲೆ ಸವರುತ್ತಿದ್ದಳು. ಅಪ್ಪ ಆಗ ಮುಖ ಆ ಕಡೆ ತಿರುಗಿಸುತ್ತಿದ್ದರು. ‘ಆಕಿ ಯಾರಪ್ಪಾ?’ ಎಂದು ಶಿವದೇವಿ ಒಮ್ಮೆ ಕೇಳಿದ್ದಳು. ‘ನಮ್ಮವರs,’ ಅಂದಿದ್ದರು. ಒಂದು ಭಾನುವಾರ ಕಟ್ಟೆಯ ಮೇಲೆ ಟ್ರಂಕು ಒಂದೇ ಇತ್ತು. ಆಮೇಲೆ ಹೋಗಲಿಲ್ಲ.

ಫೈಲಿನ ಕೊನೆಯಲ್ಲಿ ತಾಳೆಯ ಚೀಟಿ ಇತ್ತು. ಓದಿದವರು: ಗು.ಸಿ. ಹಿಡಿದವರು: ಶ್ರೀ. ಅಪ್ಪ ಓದಿ ರಾಯರು ಹಿಡಿದದ್ದು; ಎಲ್ಲ ಸರಿಯಾಗಿಯೇ ಇತ್ತು. ಚೀಟಿಗೆ ಅಪ್ಪನ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಗುಂಡುಪಿನ್ನಿನಿಂದ ಚುಚ್ಚಿತ್ತು. ಅದರಲ್ಲಿ ಅವರ ಮುತ್ತಿನಂಥ ಅಕ್ಷರದಲ್ಲಿ ಹದಿಮೂರನೆಯ ಪ್ಯಾರಾ, ಅಷ್ಟೇ. ಅಂಚಿನಲ್ಲಿ ಬರೆದಿದ್ದರು: ‘ಸಂಪುಟ ಬೈಂಡಿಂಗಿಗೆ ಹೋಗಿದೆ. ನನ್ನ ನೋಟಿನಿಂದ ಓದಿದೆ.’

ಪುಸ್ತಕದಿಂದಲ್ಲ, ಪುಸ್ತಕದಿಂದ ಎಂದೋ ಬರೆದಿಟ್ಟುಕೊಂಡ ಚೀಟಿಯಿಂದ. ಚೀಟಿಗೂ ಕಾಗದಕ್ಕೂ ತಾಳೆ ನೋಡಿದರೆ ಅಕ್ಷರ ಅಕ್ಷರ ಕೂಡಿ ಬರದೆ ಇನ್ನೇನು?

ಸಂಪುಟ ತನ್ನ ಜಾಗದಲ್ಲಿರಲಿಲ್ಲ. ಕಪಾಟಿನ ತೀರ ಮೇಲಿನ ಹಲಗೆಯಲ್ಲಿ, ಬೇರೆ ಪುಸ್ತಕಗಳ ಹಿಂದೆ, ಬೆನ್ನು ಗೋಡೆಗೆ ಮಾಡಿ ಇಟ್ಟಿದ್ದರು. ಸ್ಟೂಲು ಹತ್ತಿ ಕೈ ಚಾಚಿದಾಗ ಹಿಂದಿನಿಂದ ಕುರ್ಚಿ ಸರಿದ ಸಪ್ಪಳ ಕೇಳಿತು. ತಿರುಗಿದಳು. ಯಾರೂ ಇಲ್ಲ. ಕೆಳಗೆ ಪುಸ್ತಕದ ಅಂಗಡಿಯವನು ಯಾರೊಡನೆಯೋ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಿದ್ದ, ಹಾಡುಹಗಲು, ಗಲ್ಲಿಯ ತುಂಬ ಆಟೋಗಳ ಗದ್ದಲ. ಅವಳು ಸಂಪುಟ ಎಳೆದುಕೊಂಡು ಕೆಳಗಿಳಿದಳು.

ರಟ್ಟಿನ ಒಳಗೆ ಬೈಂಡರನ ಚೀಟಿ ಅಂಟಿಸಿತ್ತು. ಪುಸ್ತಕ ವಾಪಸು ಕೊಟ್ಟ ತಾರೀಖು ತುಳಸಾಬಾಯಿಯ ಕೇಸಿನ ತೀರ್ಪು ಬಂದ ಒಂಬತ್ತು ದಿನದ ಮೇಲೆ. ಪುಟ ತಿರುವಿದಳು. ಹನ್ನೊಂದನೆಯ ಪ್ಯಾರಾ ಹೀಗೆ ಶುರುವಾಗುತ್ತದೆ: ‘ಮೇಲ್ಮನವಿದಾರರ ವಕೀಲರು ವಾದಿಸುವುದೇನೆಂದರೆ.’ ಹನ್ನೆರಡು ಆ ವಕೀಲನ ವಾದವೇ. ಹದಿಮೂರೂ ಅವನ ವಾದವೇ. ಕೋರ್ಟಿನ ಮಾತಲ್ಲ. ಆದರೆ ಹದಿಮೂರನ್ನೊಂದನ್ನೇ ಕಿತ್ತು ನೋಡಿದರೆ, ನ್ಯಾಯಾಧೀಶರೇ ಪೀಠದಿಂದ ಹೇಳಿದಂತೆ ಇದೆ.

ಹದಿನಾಲ್ಕು ಒಂದು ಸಾಲಿನಿಂದ ಶುರುವಾಗುತ್ತದೆ: ‘ಈ ವಾದವನ್ನು ನಾವು ಒಪ್ಪಲಾರೆವು.’

ಹದಿಮೂರರ ಪ್ರತಿ ವಾಕ್ಯಕ್ಕೂ ಪುಸ್ತಕದ ಪುಟದ ಮೇಲೆಯೇ ಪೆನ್ಸಿಲಿನ ಚುಕ್ಕೆಯಿತ್ತು. ಹದಿನಾಲ್ಕರ ಮೊದಲ ವಾಕ್ಯಕ್ಕೆ ಚುಕ್ಕೆಯಿಲ್ಲ. ಅಲ್ಲಿ, ವಾಕ್ಯ ಶುರುವಾಗುವಲ್ಲಿ, ಪೆನ್ಸಿಲಿನ ಮೊನೆ ಊರಿ ಊರಿ ಕಾಗದ ತೂತಾಗಿತ್ತು. ಒಂದು ದಿನದ ಕೆಲಸವಲ್ಲ ಅದು. ವರ್ಷಗಟ್ಟಲೆ ಒಬ್ಬ ಮನುಷ್ಯ ಇಲ್ಲಿ ಬಂದು, ಈ ಪುಟ ತೆರೆದು, ಪೆನ್ಸಿಲ್ ಊರಿ ಕೂತಿದ್ದಾನೆ. ಓದಿದ್ದಾನೆ, ‘ಐತಿ’ ಅನ್ನುವವರಿಲ್ಲದೆ ಎದ್ದು ಹೋಗಿದ್ದಾನೆ.

ಆಮೇಲಿನ ಹನ್ನೊಂದು ಫೈಲುಗಳ ಚೀಟಿ ನೋಡಿದಳು. ಅಪ್ಪ ನಿವೃತ್ತರಾಗುವ ಮುಂಚಿನ ಆರರಲ್ಲೂ ‘ಓದಿದವರು’ ಅನ್ನುವಲ್ಲಿ ಖಾಲಿ. ಸಹಿ ಹಾಕಲಿಲ್ಲ ಅಪ್ಪ. ಬಾಯಿಯನ್ನೂ ಬಿಡಲಿಲ್ಲ.

ಆಗ ಶಿವದೇವಿಗೆ ಸಿಟ್ಟು ಬಂತು. ದುಃಖ ಅಲ್ಲ, ಸಿಟ್ಟು. ಬಾಳೆಹಣ್ಣು ಕೊಟ್ಟರೆ ಮುಗಿಯಿತೇ? ಒಂದು ಮೆಟ್ಟಿಲು ಕೆಳಗೆ ಕೂತರೆ ಆ ಮುದುಕಿಗೆ ಮನೆ ಬಂತೇ? ಸತ್ತ ಅಪ್ಪನ ಮೇಲೆ ಹೀಗೆ ಹಲ್ಲು ಕಡಿಯುತ್ತ ಅವಳು ಸಂಜೆಯ ಟ್ರೇನು ಹತ್ತಿದಳು. ಟ್ರೇನು ಬೇಗಂಪೇಟೆಯಲ್ಲಿ ನಿಂತಿತು, ಹೊರಟಿತು, ಮತ್ತೆ ಹಳಿಯ ಮೇಲೆ ಸುಮ್ಮನೆ ನಿಂತಿತು. ‘ಪ್ಯಾರಾ ಹದಿನಾಲ್ಕು,’ ಅಂದರು ಅಪ್ಪ ಕಿವಿಯ ಹತ್ತಿರ. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ಮನೆಯಲ್ಲಿ ಅವ್ವ ಗಡಿಯಾರಕ್ಕೆ ಬಟ್ಟೆ ಹಿಡಿದು ನಿಂತಿದ್ದರು. ಶುಕ್ರವಾರ ಶುಕ್ರವಾರ ಒರೆಸುವುದು ಅವರ ರೂಢಿ. ‘ಅಪ್ಪನ ಕುರ್ಚಿ ಮ್ಯಾಲ ಕುಂತೀದಿ, ಅವರ ಹೆಸರು ಉಳಿಸವ್ವಾ,’ ಅಂದರು. ಶಿವದೇವಿ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಗಡಿಯಾರ ಗೋಡೆಯ ಮೇಲಿರುತ್ತದೆ, ಕೆಲಸ ಇರುತ್ತದೆ, ಅಪ್ಪ ಅಪ್ಪನಾಗಿಯೇ ಇರುತ್ತಾರೆ. ವಿಜಯಶ್ರೀ ಮಂಗಳವಾರ ಬೀದಿಯಲ್ಲಿರುತ್ತಾಳೆ. ಯಾರಿಗೂ ತಿಳಿಯುವುದಿಲ್ಲ. ಮೂವತ್ತು ವರ್ಷ ಯಾರಿಗೆ ತಿಳಿದಿತ್ತು?

ಶನಿವಾರ ಹನ್ನೊಂದಕ್ಕೆ ರಾಯರು ಬಂದರು. ಶಿವದೇವಿ ಟೈಪು ಮಾಡಿದ ಕಾಗದವನ್ನು ಮೇಜಿನ ಮೇಲಿಟ್ಟು, ಎದುರು ಕುರ್ಚಿ ಎಳೆದಳು.

‘ತಾಳೆ ನೋಡೂದೈತ್ರಿ.’

‘ಆ ಪ್ಯಾರಾಕ್ಕೇನು ತಾಳೆ? ನನಗ ಬಾಯಿಪಾಠ ಅದ.’

‘ಕಟ್ಟಳೆ ನಿಮ್ಮದsರಿ. ನೀವು ಓದ್ರಿ, ನಾ ಹಿಡೀತೀನಿ.’

ರಾಯರು ನಕ್ಕು ಕನ್ನಡಕ ಏರಿಸಿದರು. ಶಿಷ್ಯೆ ಬಲಿತಿದ್ದಾಳೆಂದು ಅವರಿಗೆ ಸಂತೋಷವೇ ಆಗಿತ್ತು. ಅವಳು ಸಂಪುಟವನ್ನು ತೆರೆದು ಅವರ ಮುಂದಿಟ್ಟು, ಹನ್ನೊಂದನೆಯ ಪ್ಯಾರಾದ ಮೇಲೆ ಬೆರಳಿಟ್ಟಳು. ‘ಎರಡು ಪ್ಯಾರಾ ಹಿಂದಿನಿಂದ, ಇಲ್ಲಿಂದ್ರಿ.’

ಕೋರ್ಟಿನಲ್ಲಿ ಐವತ್ತು ವರ್ಷ ಪಳಗಿದ ದನಿ. ‘ಮೇಲ್ಮನವಿದಾರರ ವಕೀಲರು ವಾದಿಸುವುದೇನೆಂದರೆ, ಕಾಮಾ’ ಎಂದು ರಾಯರು ಸರಾಗವಾಗಿ ಶುರು ಮಾಡಿದರು. ಹನ್ನೆರಡು ಮುಗಿಯಿತು. ಹದಿಮೂರು ಬಂತು. ಅದನ್ನು ಅವರು ಪುಸ್ತಕ ನೋಡದೆಯೇ ಹೇಳಿದರು, ವಾಕ್ಯ ವಾಕ್ಯಕ್ಕೆ ಶಿವದೇವಿ ಚುಕ್ಕೆ ಇಟ್ಟು ‘ಐತಿ’ ಅಂದಳು. ‘ಸಮಯ ಕೇಳುವ ಹಕ್ಕೂ ಅವರಿಗಿಲ್ಲ, ಫುಲ್‌ಸ್ಟಾಪ್,’ ಎಂದು ರಾಯರು ಪುಸ್ತಕ ಮುಚ್ಚಹೊರಟರು.

ಅವಳು ಪುಟದ ಮೇಲಿಂದ ಕೈ ತೆಗೆಯಲಿಲ್ಲ. ‘ಮುಂದಿನ ಪ್ಯಾರಾ ಓದ್ರಿ.’

‘ಅದೂ ನಮ್ಮ ಕಾಗದದಾಗ ಇಲ್ಲಲಾ.’

‘ಓದ್ರಿ, ರಾಯರs.’

ರಾಯರು ಅವಳ ಮುಖ ನೋಡಿದರು. ಆಮೇಲೆ ಕಣ್ಣು ಪುಟಕ್ಕಿಳಿಯಿತು. ‘ಪ್ಯಾರಾ ಹದಿನಾಲ್ಕು,’ ಅಂದರು. ಅದೇ ಎರಡು ಶಬ್ದ, ಬೇರೆ ಬಾಯಿಯಲ್ಲಿ. ‘ಈ ವಾದವನ್ನು ನಾವು ಒಪ್ಪಲಾರೆವು. ಫುಲ್‌ಸ್ಟಾಪ್.’ ದನಿ ಅಲ್ಲಿ ಮುರಿಯಿತು. ಆದರೂ ಓದಿದರು, ನಿಲ್ಲಿಸುವ ರೂಢಿ ಆ ಮನುಷ್ಯನಿಗಿಲ್ಲ. ‘ಮನುಷ್ಯರನ್ನು ಮನೆಯಿಂದ ತೆಗೆಯುವುದೆಂದರೆ, ಕಾಮಾ, ಸಾಮಾನು ಎತ್ತಿಟ್ಟಂತಲ್ಲ. ಫುಲ್‌ಸ್ಟಾಪ್. ಬೇರೆ ನೆಲೆ ಹುಡುಕಿಕೊಳ್ಳುವಷ್ಟು ಸಮಯ ಕೊಡಲೇಬೇಕು. ಫುಲ್‌ಸ್ಟಾಪ್.’

ರಾಯರು ಕಾಗದದ ತೂತಿನ ಮೇಲೆ ಬೆರಳಾಡಿಸಿದರು. ಅದು ಯಾರ ಪೆನ್ಸಿಲು ಎಂದು ಅವರಿಗೆ ಹೇಳಬೇಕಾಗಿರಲಿಲ್ಲ.

‘ಬೈಂಡಿಂಗಿನಿಂದ ಪುಸ್ತಕ ಬಂದ ದಿನ,’ ಅಂದರು ಕೊನೆಗೆ, ‘ನಿಮ್ಮಪ್ಪ ಸಂಜಿ ಮುಂದ ಬಂದು ನಿಂತ. ಇನ್ನೊಮ್ಮೆ ತಾಳೆ ನೋಡೋಣ್ರಿ ಅಂದ. ಇದs ಕುರ್ಚಿ. ಗೆದ್ದ ಕೇಸ್ ಯಾರರ ತಾಳೆ ನೋಡ್ತಾರೇನೋ ಹುಚ್ಚಾ ಅಂತ ನಾ ನಕ್ಕೆ. ಮರುದಿನ ಮತ್ತ ಬಂದ. ಆ ದಿನ ಬೈದೆ. ಮೂರನೇ ದಿನ ಬರಲಿಲ್ಲ.’

‘ನೀವು ಕೇಳಲಿಲ್ಲೇನ್ರಿ, ಯಾಕ ಅಂತ?’

‘ಕೇಳಿದ್ರ ಹೇಳ್ತಿದ್ದ,’ ಅಂದರು ರಾಯರು. ‘ಅದಕ್ಕs ಕೇಳಲಿಲ್ಲ.’

ಆಮೇಲೆ ಅವರು ಆ ಪ್ಯಾರಾ ಖಾಲಿ ಮಾಡಿಸಿದ ಮನೆಗಳನ್ನು ಎಣಿಸತೊಡಗಿದರು. ಫೈಲಿನ ನಂಬರು, ಬಡಾವಣೆ, ಹೆಸರು, ಎಲ್ಲ ನೆನಪಿತ್ತು ಆ ಮುದುಕರಿಗೆ. ತುಳಸಾಬಾಯಿ ಸೇರಿ ಹನ್ನೆರಡು ಮನೆ. ಹನ್ನೆರಡಕ್ಕೆ ಬಂದಾಗ ಬೆರಳು ನಿಂತವು. ಶಿವದೇವಿಗೆ ಅವರ ಮೇಲೆ ಕರುಣೆ ಬರಬೇಕಿತ್ತು, ಬರಲಿಲ್ಲ, ಮುಂದೆಂದಾದರೂ ಬಂದೀತು. ಅವಳು ಇನ್ನೊಂದು ಕಾಗದ ಮುಂದಿಟ್ಟಳು. ಬೆಳಿಗ್ಗೆಯೇ ಬಂದು ಬರೆದದ್ದು, ರಾಯರು ಕಲಿಸಿದ ಹಾಗೆಯೇ.

‘ಪ್ರಶ್ನೆ: ಅನುಮತಿಯಿಂದ ವಾಸವಿದ್ದವರನ್ನು ಸಮಯ ಕೊಡದೆ ಹೊರಹಾಕಬಹುದೇ?

ಚಿಕ್ಕ ಉತ್ತರ: ಇಲ್ಲ.

ನಡೆದದ್ದು: ಈ ಕಚೇರಿಯು ೧೯೯೪ರಿಂದ ಸೋತ ವಕೀಲರ ವಾದವನ್ನು ಕೋರ್ಟಿನ ತೀರ್ಪೆಂದು ಹೇಳುತ್ತ ಬಂದಿದೆ. ಮೊದಲು ಎತ್ತಿ ಬರೆದವರು ಗುಮಾಸ್ತ ಗುರುಸಿದ್ದಪ್ಪ. ಒಂಬತ್ತು ದಿನದ ಮೇಲೆ ಅವರಿಗೆ ತಪ್ಪು ತಿಳಿಯಿತು.

ಆಧಾರ: ಅದೇ ಸಂಪುಟ, ಅದೇ ಪುಟ, ಪ್ಯಾರಾ ೧೪.’

ಕೆಳಗೆ ಹೆಸರು: ಶಿವದೇವಿ, ಗುರುಸಿದ್ದಪ್ಪನವರ ಮಗಳು.

ರಾಯರು ಎರಡು ಸಲ ಓದಿದರು. ಅಭ್ಯಾಸಬಲದಿಂದ ಕೆಂಪು ಪೆನ್ಸಿಲು ಕೈಗೆತ್ತಿಕೊಂಡರು, ಎಲ್ಲೂ ಗೀಟೆಳೆಯಲಿಲ್ಲ. ಫೋನು ತೆಗೆದು ಹನುಮಂತರಾಯನಿಗೆ ಹಚ್ಚಿದರು. ‘ಮೂರು ತಿಂಗಳ ಟೈಮ್ ಕೊಡೂದಾದ್ರ ನಾ ಸೋಮವಾರ ನಿಲ್ಲತೀನಿ. ಇಲ್ಲಾಂದ್ರ ಬ್ಯಾರೆ ವಕೀಲರನ್ನ ನೋಡ್ರಿ. ಅವರೂ ಇದs ಪುಸ್ತಕ ಓದತಾರ,’ ಅಂದರು. ಆ ಕಡೆಯವನು ಹೌಹಾರಿ ಬೈದದ್ದು ಶಿವದೇವಿಗೂ ಕೇಳಿತು. ರಾಯರು ಬೈಸಿಕೊಂಡರು. ಕಡೆಗೆ ಅವನು ಮೂರಕ್ಕೆ ಒಪ್ಪಲಿಲ್ಲ, ಎರಡಕ್ಕೆ ಒಪ್ಪಿದ. ಮತ್ತೆ ರಾಯರು ಹೊಸ ಚೀಟಿಯೊಂದನ್ನು ತೆಗೆದು, ‘ಓದಿದವರು’ ಎಂಬಲ್ಲಿ ಸಹಿ ಹಾಕಿ, ಅವಳ ಕಡೆ ಸರಿಸಿದರು.

‘ಆ ಹನ್ನೆರಡು ಮನೀದೇನು ಮಾಡೂದು?’ ಎಂದು ಕೇಳಿದರು. ಅವಳನ್ನೋ, ಖಾಲಿ ಗೋಡೆಯನ್ನೋ ತಿಳಿಯಲಿಲ್ಲ. ‘ಸೋಮವಾರದಿಂದ ಒಂದೊಂದs ಹುಡುಕೋಣ್ರಿ. ಯಾರ ಎಲ್ಲಿದ್ದಾರ ಅಂತ,’ ಅಂದಳು.

ಸಂಜೆ ನಾಂಪಲ್ಲಿಯಲ್ಲಿ ಟ್ರೇನು ಹತ್ತಿದಳು. ಮನೆಗೆ ಹೋಗಿ ಅವ್ವನಿಗೆ ಹೇಳಬೇಕು; ಗಡಿಯಾರದ ಎದುರೇ ನಿಂತು ಹೇಳಬೇಕು. ಎಲ್ಲ ಹೊರಬಿದ್ದಿದೆ, ಇನ್ನು ಆ ದನಿ ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಬೇಗಂಪೇಟೆ ದಾಟಿ ಟ್ರೇನು ಎಂದಿನಂತೆ ನಿಂತಿತು. ಫ್ಯಾನುಗಳ ಸದ್ದು ಅಡಗಿತು.

‘ಪ್ಯಾರಾ ಹದಿನಾಲ್ಕು,’ ಅಂದರು ಅಪ್ಪ. ಅಂದು, ಕಾದರು.

ಒಂಬತ್ತು ವರ್ಷ ಅವಳು ಇದನ್ನು ಕೇಳಿದ್ದಳು, ಅಪ್ಪ ಏನನ್ನು ಕಾಯುತ್ತಿದ್ದಾರೆಂದು ಯೋಚಿಸಿರಲಿಲ್ಲ. ಮಂಚದ ಸುತ್ತ ನಿಂತಿದ್ದ ಯಾರಾದರೂ ಆವತ್ತು ಒಂದು ಮಾತು ಹೇಳಿದ್ದರೆ ಆ ಮನುಷ್ಯ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು. ಅಲ್ಲಿಯೇ ನಿಂತುಬಿಟ್ಟಿದ್ದರು, ಪೆನ್ಸಿಲು ಊರಿಕೊಂಡು.

‘ಐತಿ ಅಪ್ಪಾ,’ ಅಂದಳು ಶಿವದೇವಿ, ಬಾಯಿಬಿಟ್ಟು, ದೊಡ್ಡದಾಗಿಯೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲ ಎಳೆದುಕೊಂಡು ಅತ್ತ ಸರಿದಳು. ಟ್ರೇನು ಇನ್ನೂ ನಿಂತೇ ಇತ್ತು. ಶಿವದೇವಿ ಕಣ್ಣು ಒರೆಸಿಕೊಂಡು, ಅಪ್ಪ ಮುಂದಿನ ವಾಕ್ಯ ಓದುತ್ತಾರೇನೋ ಎಂದು ಕಿವಿಗೊಟ್ಟು ಕೂತಳು.